ಹಳೆಯ ಗಣಕದ ಪುನರ್ಜನ್ಮ

ನಮ್ಮ ಮನೆಗಳಲ್ಲಿ ಯಾವ ವಸ್ತುವಿಗೂ ಒಂದೇ ಜನ್ಮದಲ್ಲಿ ಮುಕ್ತಿ ದೊರೆಯುವುದಿಲ್ಲ. ಹೊಸದಾಗಿದ್ದಾಗ ಹಬ್ಬದ ದಿನ ಮಾತ್ರ ಪೆಟ್ಟಿಗೆಯಿಂದ ಹೊರಬೀಳುವ ಪಂಚೆ ಎರಡು ವರ್ಷ ಕಳೆಯಿತೆಂದರೆ ನಿತ್ಯದ ಉಡುಗೆಯಾಗುತ್ತದೆ. ಅಂಚು ಸವೆದರೆ ಮೈಯೊರಸುವ ವಸ್ತ್ರವಾಗುತ್ತದೆ. ಇನ್ನೂ ಹರಿದರೆ ಅಡಿಗೆಮನೆಯನ್ನು ಹೊಕ್ಕು ಮಸಿಬಟ್ಟೆಯಾಗುತ್ತದೆ. ಶುಭ್ರವಾಗಿ ಉಳಿದ ಒಂದು ಚೂರು ದೀಪದ ಬತ್ತಿಯಾಗಿ, ದೇವರ ಮುಂದೆ ಉರಿದು ಮುಗಿಯುತ್ತದೆ. ಸೀರೆಯ ಚರಿತ್ರೆಯಂತೂ ಇದಕ್ಕಿಂತ ದೀರ್ಘ. ಕೌದಿಯಾಗಿ ಅಜ್ಜನ ಚಳಿಯನ್ನೂ, ತೊಟ್ಟಿಲ ಹಾಸಾಗಿ ಮೊಮ್ಮಗನ ಒದ್ದೆಯನ್ನೂ ಕಂಡಲ್ಲದೆ ಅದು ಕಣ್ಮುಚ್ಚುವುದಿಲ್ಲ. ಮೋಕ್ಷಕ್ಕಾಗಿ ಅವಸರಪಡುವ ಪದಾರ್ಥ ನಮ್ಮ ಅಜ್ಜಿಯ ಮನೆಯಲ್ಲಿ ಒಂದೂ ಇರಲಿಲ್ಲ.

ಇದನ್ನು ಜಿಪುಣತನವೆಂದು ಹಳಿಯುವವರುಂಟು. ನನಗೇನೋ ಇದು ಜಿಪುಣತನಕ್ಕಿಂತ ಹೆಚ್ಚಾಗಿ ಪರಿಚಯದ ಫಲವೆಂದು ತೋರುತ್ತದೆ. ಒಕ್ಕಲಿಗನೊಬ್ಬನ ಗಾಡಿ ದಾರಿಯಲ್ಲಿ ನಿಂತಿತೆನ್ನಿ. ‘ಗಾಡಿ ಕೆಟ್ಟಿತು’ ಎಂದು ಅವನು ಹೇಳುವುದಿಲ್ಲ. ‘ಅಚ್ಚು ಮುರಿಯಿತು’, ‘ಕಡಾಣಿ ಬಿದ್ದುಹೋಯಿತು’, ‘ಮೂಕಿ ಸೀಳಿತು’ ಎನ್ನುತ್ತಾನೆ. ಅಂಗಾಂಗಗಳ ಹೆಸರನ್ನು ಬಲ್ಲವನಿಗೆ ಕೆಟ್ಟದ್ದೆಷ್ಟು, ಉಳಿದದ್ದೆಷ್ಟು ಎಂಬುದೂ ಗೊತ್ತು. ಮುರಿದ ಮೂಕಿ ಅವನ ಕಣ್ಣಿಗೆ ಕೊಟ್ಟಿಗೆಯ ಕಂಬದಂತೆ ಕಾಣಬಲ್ಲುದು. ಆದರೆ ನಮ್ಮ ಮನೆಯ ಗಣಕಯಂತ್ರ ನಿಂತಾಗ ನಾವು, ಓದಿದವರು, ಏನು ಹೇಳುತ್ತೇವೆ? ‘ಕಂಪ್ಯೂಟರು ಕೆಟ್ಟಿತು’ ಎನ್ನುತ್ತೇವೆ. ಹೆಸರು ಒಂದೇ, ಆದ್ದರಿಂದ ಸಾವೂ ಒಂದೇ. ಯಾವುದರ ಅಂಗಗಳನ್ನು ನಾವು ಹೆಸರಿಟ್ಟು ಕರೆಯಲಾರೆವೋ ಅದನ್ನು ಇಡಿಯಾಗಿ ಎಸೆಯುವುದರ ಹೊರತು ನಮಗೆ ಗತ್ಯಂತರವಿಲ್ಲ.

ನನ್ನ ತೀರ್ಥರೂಪರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರು. 2008ರಲ್ಲಿ ನಿವೃತ್ತರಾದಾಗ ಬಂದ ಹಣದಲ್ಲಿ ಅವರು ತಮಗಾಗಿ ಕೊಂಡದ್ದು ಒಂದೇ ವಸ್ತು, ಗಣಕಯಂತ್ರ. ಮೂವತ್ತು ವರ್ಷ ಹಳ್ಳಿಯಿಂದ ಹಳ್ಳಿಗೆ ವರ್ಗವಾಗುತ್ತ, ಬಡಗಿ, ಕಮ್ಮಾರ, ಕುಂಬಾರ, ನೇಕಾರರ ಬಾಯಿಂದ ಅವರು ವೃತ್ತಿಪದಗಳನ್ನು ಬರೆದುಕೊಂಡಿದ್ದರು. ನೇಗಿಲಿನ ಮೇಳಿ, ಕುಳಗಳಿಂದ ಹಿಡಿದು ಗಾಡಿಯ ಗುಂಭದವರೆಗೆ ಎರಡು ಸಾವಿರಕ್ಕೂ ಮಿಕ್ಕ ಮಾತುಗಳು. ಅವನ್ನೆಲ್ಲ ‘ನುಡಿ’ ತಂತ್ರಾಂಶದಲ್ಲಿ ಒಂದೊಂದೇ ಬೆರಳಿನಿಂದ ಅಚ್ಚು ಮಾಡುತ್ತ ಅವರು ತಮ್ಮ ಮುಪ್ಪನ್ನು ಕಳೆದರು. ಕೈಬರಹದ ಪುಸ್ತಕಗಳನ್ನು ಒಂದು ಮಳೆಗಾಲದಲ್ಲಿ ಗೆದ್ದಲು ತಿಂದುಹಾಕಿತು. ಅದಕ್ಕೆ ಅವರು ಹೆಚ್ಚು ದುಃಖಿಸಲಿಲ್ಲ. “ಇದರೊಳಗೆ ಎಲ್ಲಾ ಇದೆಯಲ್ಲ” ಎಂದು ಯಂತ್ರದ ಬೆನ್ನು ತಟ್ಟಿದರು. 2016ರಲ್ಲಿ ಯಂತ್ರವೂ ನಿಂತಿತು. ರಿಪೇರಿಗೆಂದು ಬಂದಾತ ಬೆನ್ನಿನ ತಗಡನ್ನು ತೆರೆದು, ಮೂಸಿ ನೋಡಿ, “ಸುಟ್ಟಿದೆ, ಏನೂ ಉಳಿದಿಲ್ಲ” ಎಂದು ಹೇಳಿಹೋದ. ಮರುವರ್ಷ ತಂದೆಯವರೂ ತೀರಿಕೊಂಡರು.

ಆ ಮೇಲೆ ಯಂತ್ರಕ್ಕೆ ತಾಯಿಯವರು ಕಸೂತಿ ಹಾಕಿದ ಹೊದಿಕೆಯೊಂದನ್ನು ಹೊದಿಸಿದರು. ಅದು ನಡುಮನೆಯ ಮೂಲೆಯಲ್ಲಿ ಹಿರಿಯರ ಪಟದಂತೆ ಉಳಿಯಿತು. ಪಟಕ್ಕಾದರೋ ಮೊಳೆಯೊಂದು ಸಾಕು. ಇದಕ್ಕೆ ಒಂದು ಮೇಜೇ ಬೇಕು. ಆ ಮೇಜು ಮಗಳ ಪಾಠಕ್ಕೆ ಬೇಕೆಂದು ನನ್ನಾಕೆ ಕಳೆದ ವರ್ಷ ಸೂಚಿಸಿದಾಗ, ತಾಯಿಯವರು ಮರುಮಾತಾಡಲಿಲ್ಲ. ಮಾತಾಡದ ತಾಯಿಯನ್ನು ಎದುರಿಸುವುದು ಎಷ್ಟು ಕಷ್ಟವೆಂಬುದನ್ನು ವಾಚಕರು ಬಲ್ಲರು.

ಗುಜರಿಯ ಅಂಗಡಿಗೆ ಹೇಳಿಕಳುಹಿಸಿದೆವು. ಬಂದವನನ್ನು ಕಂಡು ನನಗೆ ಅಚ್ಚರಿಯಾಯಿತು. ಅವನು ನಮ್ಮ ಕಾಲೇಜಿನಲ್ಲೇ ಬಿ.ಎ. ಎರಡನೆಯ ವರ್ಷ ಓದುತ್ತಿದ್ದ ಹುಡುಗ. ತರಗತಿಯಲ್ಲಿ ಕೊನೆಯ ಬೆಂಚಿನವನು. ಯಂತ್ರವನ್ನು ಎತ್ತಿ ನೋಡಿ, “ಸರ್, ಮುನ್ನೂರು ರೂಪಾಯಿ ಕೊಡಬಹುದು” ಎಂದ. ಆ ಮೇಲೆ ಏನು ಮಾಡುತ್ತೀಯಪ್ಪ ಎಂದು ಕೇಳಿದೆ. ತಗಡು ಒಂದು ಕಡೆ, ಹಲಗೆಗಳು ಒಂದು ಕಡೆ ಹೋಗುತ್ತವೆ. ತಂತಿಗಳನ್ನು ಕೆರೆಯ ಹಿಂದೆ ರಾಶಿ ಹಾಕಿ ಸುಟ್ಟು ತಾಮ್ರ ತೆಗೆಯುತ್ತೇವೆ ಎಂದ. ಸುಡುವವರು ಯಾರು ಎಂದರೆ, ತಂದೆ, ಮತ್ತು ಶಾಲೆ ಬಿಟ್ಟ ಮೇಲೆ ತಮ್ಮ. “ತಮ್ಮನಿಗೆ ಕೆಮ್ಮು ಜಾಸ್ತಿ ಸರ್” ಎಂದು, ಬೇರೆ ಯಾರದೋ ವಿಷಯ ಹೇಳುವವನಂತೆ, ನೆಲ ನೋಡುತ್ತ ಹೇಳಿದ.

ತಂತಿಯ ಮೇಲಿನ ಹೊದಿಕೆ ಬಹುಮಟ್ಟಿಗೆ ಪಿವಿಸಿ ಎಂಬ ಪ್ಲಾಸ್ಟಿಕ್ಕು. ಅದರಲ್ಲಿ ಕ್ಲೋರಿನ್ ಅಡಗಿದೆ. ಬಯಲಲ್ಲಿ ಹೊತ್ತಿಸಿದರೆ ಉಸಿರ್ನಾಳವನ್ನು ಸುಡುವ ಹೈಡ್ರೋಜನ್ ಕ್ಲೋರೈಡೂ, ಅದಕ್ಕಿಂತ ಕ್ರೂರವಾದ ಡಯಾಕ್ಸಿನ್ನುಗಳೂ ಹೊಗೆಯಲ್ಲಿ ಸೇರಿಬರುತ್ತವೆ. ನನ್ನ ತಂದೆಯವರ ಯಂತ್ರ ಒಂದು ಮಗುವಿನ ಎದೆಗೆ ಹೊಗೆಯಾಗಿ ಹೋಗುವುದು ನನಗೆ ಸರಿಬೀಳಲಿಲ್ಲ. “ಇದನ್ನು ಕೊಡುವುದಿಲ್ಲ. ಆದರೆ ಭಾನುವಾರ ಬಾ. ಇಬ್ಬರೂ ಕೂಡಿ ಬಿಚ್ಚೋಣ. ನಿನಗೆ ಹೆಸರುಗಳು ಗೊತ್ತು, ನನಗೆ ಗೊತ್ತಿಲ್ಲ” ಎಂದೆ. ಅಧ್ಯಾಪಕನ ಬಾಯಿಂದ ಇಂಥ ಮಾತನ್ನು ಅವನು ನಿರೀಕ್ಷಿಸಿರಲಿಲ್ಲವೆಂದು ತೋರುತ್ತದೆ.

ಆ ಭಾನುವಾರ ನಮ್ಮ ನಡುಮನೆ ಪಾಠಶಾಲೆಯಾಯಿತು. ಹುಡುಗ ತಿರುಪುಳಿ ಹಿಡಿದು ಕುಳಿತ. ನಾನೂ ಮಗಳೂ ಶಿಷ್ಯರಾದೆವು. ಮೊದಲು ಅವನು ಹೊರತೆಗೆದದ್ದು ಅಂಗೈಯಗಲದ ಒಂದು ಭಾರವಾದ ಡಬ್ಬಿ. “ಇದು ಹಾರ್ಡ್ ಡಿಸ್ಕ್ ಸರ್. ಸುಟ್ಟಿರೋದು ಬೋರ್ಡು; ಇದಲ್ಲ” ಎಂದ. ನನ್ನ ಎದೆ ಒಮ್ಮೆ ನಿಂತು ನಡೆಯಿತು. ಯಂತ್ರದ ತಲೆ ಕೆಟ್ಟರೂ ನೆನಪು ಕೆಡಬೇಕಾಗಿಲ್ಲವೆಂಬ ಈ ಸಣ್ಣ ಸಂಗತಿಯನ್ನು ಹಿಂದೆ ಬಂದ ರಿಪೇರಿಯವನು ಏಕೆ ಹೇಳಲಿಲ್ಲವೋ ನಾನರಿಯೆ. ಇಂಥ ಡಿಸ್ಕನ್ನು ಬೇರೆ ಗಣಕಕ್ಕೆ ಜೋಡಿಸುವ ಯುಎಸ್‌ಬಿ ತಂತಿಯೂ, ಅದಕ್ಕೆ ವಿದ್ಯುತ್ತು ಕೊಡುವ 12 ವೋಲ್ಟಿನ ಅಡಾಪ್ಟರೂ ಕೆಲವು ನೂರು ರೂಪಾಯಿಗಳಿಗೆ ಪೇಟೆಯಲ್ಲಿ ದೊರೆಯುತ್ತವೆ. ಜೋಡಿಸಿದೆವು. ಡಬ್ಬಿ ಗುಂಯ್ಗುಟ್ಟಿತು. ಪರದೆಯ ಮೇಲೆ ತಂದೆಯವರ ಕಡತಗಳ ಸಾಲು ತೆರೆದುಕೊಂಡಿತು.

ತೆರೆದುಕೊಂಡಿತು ನಿಜ, ಓದಲು ಬರಲಿಲ್ಲ! ಕನ್ನಡವಿರಬೇಕಾದ ಕಡೆ ಇಂಗ್ಲಿಷಿನ ಅಕ್ಷರಗಳೂ ಪೌಂಡಿನ ಗುರುತುಗಳೂ ಬೆರೆತ ಕಗ್ಗಂಟು. ಯುನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ತಂತ್ರಾಂಶಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಗೂಡುಗಳಲ್ಲಿ ಕೂರಿಸುತ್ತಿದ್ದವು. ಆ ಅಚ್ಚಿನ ಮೊಳೆಗಳು ಇಲ್ಲದ ಯಂತ್ರಕ್ಕೆ ಗೂಡು ಕಾಣುತ್ತದೆ, ಹಕ್ಕಿ ಕಾಣುವುದಿಲ್ಲ. ಹಳೆಯ ನುಡಿಯ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಒಂದು ಗುಂಡಿಯನ್ನೊತ್ತಿದೊಡನೆ ಕಗ್ಗಂಟು ಕರಗಿ, ‘ಕಡಾಣಿ: ಗಾಡಿಯ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಬ್ಬಿಣದ ಕೀಲು’ ಎಂಬ ಸಾಲು ಮೂಡಿತು. ತಾಯಿಯವರು ಅಡಿಗೆಮನೆಯಿಂದ ಬಂದು, ಕನ್ನಡಕ ಹಾಕಿಕೊಂಡು, ಒಂದು ಪುಟವನ್ನು ಮೆಲ್ಲನೆ ಓದಿದರು. ಬಳಿಕ ಹುಡುಗನ ಕಡೆ ತಿರುಗಿ, “ಕಾಫಿಗೆ ಸಕ್ಕರೆ ಎಷ್ಟು ಹಾಕಲಿ, ಮಗು?” ಎಂದರು.

ಕನ್ನಡ ನಾಡು ಒಂದಾದ 1956ನೆಯ ಇಸವಿಯಲ್ಲೇ ಐಬಿಎಂ ಸಂಸ್ಥೆ ‘ರಾಮ್ಯಾಕ್’ ಎಂಬ ಮೊತ್ತಮೊದಲ ಡಿಸ್ಕಿನ ಯಂತ್ರವನ್ನು ಹೊರತಂದಿತು. ಎರಡಡಿ ಅಗಲದ 50 ತಟ್ಟೆಗಳು, ಒಂದು ಟನ್ನಿಗೆ ಮೀರಿದ ತೂಕ. ಅಷ್ಟೆಲ್ಲ ಸೇರಿ ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ತಂದೆಯವರ 80 ಗಿಗಾಬೈಟಿನ ಡಬ್ಬಿ ಅದರ 16,000 ಪಟ್ಟು ಹಿಡಿಯಬಲ್ಲುದು. ಮುನ್ನೂರು ರೂಪಾಯಿಯ ಗುಜರಿಯಲ್ಲಿ ಅದೂ ತೂಗಿಹೋಗುತ್ತಿತ್ತು! ಓದುಗರಲ್ಲಿ ಒಂದು ವಿಜ್ಞಾಪನೆ: ಹಳೆಯ ಯಂತ್ರವನ್ನು ಯಾರಿಗೆ ಕೊಡುವುದಾದರೂ ಈ ಡಬ್ಬಿಯನ್ನು ಮೊದಲು ಬಿಡಿಸಿಕೊಳ್ಳಿರಿ. ಪರದೆಯ ಮೇಲೆ ಅಳಿಸಿದ್ದೆಲ್ಲ ಒಳಗೆ ಅಳಿಸಿಹೋಗಿರುವುದಿಲ್ಲ. ನಿಮ್ಮ ಬ್ಯಾಂಕಿನ ಲೆಕ್ಕ, ಮನೆಯವರ ಚಿತ್ರ, ಎಲ್ಲವೂ ಅಪರಿಚಿತರ ಕೈಗೆ ಹೋಗಬಹುದು.

ಒಳಗೇನಿದೆಯೆಂದು ಮಗಳು ಹಟಮಾಡಿದಾಗ, ಹುಡುಗ ತನ್ನ ಅಂಗಡಿಯಿಂದ ಸತ್ತ ಡಿಸ್ಕೊಂದನ್ನು ತಂದು ಬಿಚ್ಚಿ ತೋರಿಸಿದ. ಕನ್ನಡಿಯಂಥ ಒಂದು ತಟ್ಟೆ ಹೊರಬಂದಿತು. ಮೇಜಿನ ಯಂತ್ರಗಳಲ್ಲಿ ಈ ತಟ್ಟೆ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು. ತೊಡೆಯ ಮೇಲಿಡುವ ಚಿಕ್ಕ ಗಣಕಗಳಲ್ಲಿ ಹಲವು ವೇಳೆ ಗಾಜಿನದಿರುವುದರಿಂದ, ಬಗ್ಗಿಸಲು ಹೋದರೆ ಸಿಡಿದು ಚೂರಾಗುತ್ತದೆ. ನಮಗೆ ಸಿಕ್ಕಿದ ತಟ್ಟೆಯನ್ನು ತಾಯಿಯವರು ದೇವರ ಗೂಡಿನಲ್ಲಿ ನಂದಾದೀಪದ ಹಿಂದೆ ನಿಲ್ಲಿಸಿದ್ದಾರೆ. ಒಂದು ಬತ್ತಿ ಎರಡಾಗಿ ಬೆಳಗುತ್ತದೆ. ಎಣ್ಣೆಯ ಖರ್ಚು ಒಂದರದೇ.

ತಟ್ಟೆಯ ಪಕ್ಕದಲ್ಲಿ ಅರ್ಧಚಂದ್ರಾಕಾರದ ಎರಡು ಅಯಸ್ಕಾಂತಗಳಿದ್ದವು. ನಿಯೊಡಿಮಿಯಮ್ ಎಂಬ ಧಾತುವನ್ನು ಬೆರೆಸಿ ಮಾಡಿದ ಇವುಗಳ ಹಿಡಿತ ಸಾಲಗಾರನ ಹಿಡಿತಕ್ಕೆ ಸಮ. ಗಣಕದ ಪಕ್ಕದ ತಗಡನ್ನು ಅಡಿಗೆಮನೆಯ ಗೋಡೆಗೆ ಹೊಡೆದು, ಈ ಅಯಸ್ಕಾಂತಗಳನ್ನು ಅದಕ್ಕಂಟಿಸಿದೆವು. ಈಗ ಚಾಕು, ಕತ್ತರಿಗಳು ಅಲ್ಲಿಯೇ ತೂಗಿಕೊಂಡಿರುತ್ತವೆ. ಸೂಜಿ ಬಿದ್ದು ಕಾಣೆಯಾದರೆ ಹುಡುಕುವುದಕ್ಕೂ ಅದೇ. ಒಂದೆಚ್ಚರಿಕೆ: ಎರಡು ಅಯಸ್ಕಾಂತಗಳ ನಡುವೆ ಬೆರಳು ಸಿಕ್ಕರೆ ಚರ್ಮ ಕಿತ್ತುಬರುತ್ತದೆ. ಚೂರುಗಳನ್ನು ಮಗುವೇನಾದರೂ ನುಂಗಿದರೆ ಅವು ಹೊಟ್ಟೆಯೊಳಗೆ ಒಂದನ್ನೊಂದು ಸೆಳೆದು ಕರುಳನ್ನೇ ತೂತುಮಾಡಬಲ್ಲವು. ಎಳೆಯ ಮಕ್ಕಳಿರುವ ಮನೆಯಲ್ಲಿ ಅವು ಕೈಗೆಟುಕದಿರಲಿ.

ಗಾಳಿಯಾಡಿಸುವ ಚಿಕ್ಕ ಫ್ಯಾನು ಎರಡು ವ್ಯಾಟಿಗಿಂತ ಹೆಚ್ಚು ವಿದ್ಯುತ್ತನ್ನು ಬೇಡುವುದಿಲ್ಲ. ಡಿಸ್ಕಿಗಾಗಿ ಕೊಂಡ 12 ವೋಲ್ಟಿನ ಅಡಾಪ್ಟರಿಗೇ ಅದರ ಕೆಂಪು, ಕಪ್ಪು ತಂತಿಗಳನ್ನು ಸೇರಿಸಿದರೆ ತಿರುಗುತ್ತದೆ. ತೆಳುಬಟ್ಟೆ ಮುಚ್ಚಿದ ಬುಟ್ಟಿಯ ಬಾಯಿಗೆ ಅದನ್ನು ಕಟ್ಟಿ, ಬಿಸಿಲು ಕಾಣದ ಆಷಾಢದಲ್ಲಿ ತಾಯಿಯವರು ಸಂಡಿಗೆಯ ತೇವ ಆರಿಸಿಕೊಂಡರು. ಯಂತ್ರದ ತಗಡಿನ ಗೂಡಿಗೆ ಈಗ ಹಿತ್ತಲಿನಲ್ಲಿ ಉದ್ಯೋಗ: ಕುಡುಗೋಲು, ಕಳೆಗುದ್ದಲಿ, ಬೀಜದ ಪೊಟ್ಟಣಗಳು ಮಳೆಗೆ ನೆನೆಯದೆ ಅದರೊಳಗಿವೆ.

ಹಾಳಾದ ಸಿ.ಡಿ.ಗಳನ್ನು ನನ್ನ ಸೋದರಮಾವ ಹೊಲಕ್ಕೊಯ್ದು ದಾರದಲ್ಲಿ ತೂಗುಹಾಕಿದರು. ಜೋಳದ ತೆನೆಗೆ ಬರುವ ಗಿಣಿಗಳು ಆ ಮಿಂಚಿಗೆ ಒಂದು ವಾರ ಹೆದರಿದವು. ಎರಡನೆಯ ವಾರ ಸಿ.ಡಿ.ಯ ದಾರದ ಮೇಲೆಯೇ ಕುಳಿತು ತೆನೆಯನ್ನು ಸವಿದವು. ಮಗಳು ತನ್ನ ಪಾಲಿನದನ್ನು ಬೆಳಕಿಗೆ ಹಿಡಿಯಲು ಕಲಿತಳು. ಸಿ.ಡಿ.ಯ ಸುರುಳಿಗೆರೆಗಳ ನಡುವಣ ಅಂತರ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನ 1.6ರಷ್ಟು ಮಾತ್ರ, ಅಷ್ಟು ಸೂಕ್ಷ್ಮವಾಗಿರುವುದರಿಂದಲೇ ಬೆಳಕು ಅಲ್ಲಿ ಬಣ್ಣಗಳಾಗಿ ಒಡೆಯುತ್ತದೆ. ಸಣ್ಣ ಸೀಳಿನ ಮೂಲಕ ನೋಡಿದರೆ ಹಳೆಯ ಬುರುಡೆ ದೀಪದ ಬಣ್ಣಗಳು ಒಂದರೊಳಗೊಂದು ಬೆರೆತಂತೆಯೂ, ಟ್ಯೂಬ್‌ಲೈಟಿನ ಬಣ್ಣಗಳು ಬಿಡಿಬಿಡಿ ಗೆರೆಗಳಾಗಿಯೂ ಕಾಣುತ್ತವೆ.

ನನಗೆ ಪರಮಪ್ರಿಯವಾದದ್ದು ಕೀಲಿಮಣೆ. 104 ಕೀಲಿಗಳನ್ನು ಕಿತ್ತು, ತೊಳೆದು, ಕನ್ನಡದ 49 ಅಕ್ಷರಗಳನ್ನು ಕಾಗದದ ಮೇಲೆ ಬರೆದು ಅಂಟಿಸಿದೆವು. ಮಗಳು ‘ಕಿವಿ’ ಎಂದು ಜೋಡಿಸಹೊರಟು ನಿಂತಳು. ಗುಣಿತಾಕ್ಷರಕ್ಕೆ ಕೀಲಿಯಿಲ್ಲ! ಸ್ವಲ್ಪ ಹೊತ್ತು ಯೋಚಿಸಿ ‘ಕ’ದ ಮುಂದೆ ‘ಇ’, ‘ವ’ದ ಮುಂದೆ ‘ಇ’ ಇಟ್ಟು, “ಸೇರಿಸಿ ಓದಿ, ಅಪ್ಪಾ” ಎಂದಳು. ಕೆ. ಪಿ. ರಾವ್ ಅವರು ಕನ್ನಡ ಕೀಲಿಮಣೆಗೆ ಆಧಾರವಾಗಿಟ್ಟುಕೊಂಡ ತರ್ಕವೂ ಇದೇ: ವ್ಯಂಜನವನ್ನೊತ್ತಿ ಸ್ವರವನ್ನೊತ್ತಿದರೆ ಗುಣಿತಾಕ್ಷರ ತಾನಾಗಿ ಮೂಡಬೇಕು. ತರಗತಿಯಲ್ಲಿ ನಾನು ಒಂದು ಗಂಟೆ ವಿವರಿಸುವ ವರ್ಣಸಂಯೋಗವನ್ನು ಮುರಿದ ಕೀಲಿಮಣೆ ಐದು ನಿಮಿಷದಲ್ಲಿ ಕಲಿಸಿತು.

ಇಷ್ಟು ಹೇಳಿದ ಮೇಲೆ ಮುಟ್ಟಬಾರದವುಗಳನ್ನೂ ಹೇಳದಿದ್ದರೆ ನಾನು ಅಪರಾಧಿಯಾದೇನು. ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ತೆರೆಯಬಾರದು. ಗೋಡೆಯಿಂದ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ 300 ವೋಲ್ಟಿಗೆ ಮೀರಿದ ಆವೇಶ ಕೆಲಕಾಲ ಹೊಂಚುಹಾಕಿರುತ್ತದೆ. ಬೆನ್ನುಬ್ಬಿದ ಹಳೆಯ ಮಾನಿಟರಿನ ಕೊಳವೆಯೊಳಗೆ ನಡೆಯುವುದು 20,000 ವೋಲ್ಟಿಗೂ ಮಿಕ್ಕ ವ್ಯವಹಾರ. ಅದರ ಗಾಜಿನಲ್ಲಿ ಸೀಸವಿದೆ. ಉಬ್ಬಿದ ಲಿಥಿಯಮ್ ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹೊತ್ತುತ್ತದೆ. ಚಿನ್ನದ ಆಸೆಗೆ ಹಲಗೆಗಳನ್ನು ಆಮ್ಲದಲ್ಲಿ ಅದ್ದುವವರಿಗೆ ದೊರೆಯುವ ಚಿನ್ನ ಗುಲಗಂಜಿಯ ತೂಕವೂ ಇಲ್ಲ; ಬಾವಿಯ ನೀರಿಗಿಳಿಯುವ ವಿಷವಾದರೋ ತಲೆಮಾರಿನದು.

ಇನ್ನೂ ಒಂದು ಮಾತು. ಮರುಬಳಕೆಗಳಲ್ಲೆಲ್ಲ ಉತ್ತಮವಾದದ್ದು ಬಳಕೆಯೇ. ಸಾಯದ ಯಂತ್ರವನ್ನು ಬಿಚ್ಚಬೇಕಾಗಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ ನಿಂತಾಗ, ಚೆನ್ನಾಗಿ ನಡೆಯುತ್ತಿದ್ದ ಎಷ್ಟೋ ಗಣಕಗಳು ಅಟ್ಟವೇರಿದವು. ಉಚಿತವಾಗಿ ದೊರೆಯುವ ಹಗುರವಾದ ಲಿನಕ್ಸನ್ನು ಹಾಕಿದರೆ ಅವುಗಳಲ್ಲಿ ಅನೇಕವು ಇನ್ನೂ ಕೆಲವು ವರ್ಷ ಮಕ್ಕಳ ಓದುಬರಹಕ್ಕೆ ಒದಗುತ್ತವೆ.

ಎಷ್ಟು ಜಾಣತನ ತೋರಿದರೂ ಕಡೆಯಲ್ಲಿ ಒಂದು ಚೀಲದಷ್ಟು ಉಳಿಯಿತು: ಹಲಗೆಗಳು, ಎಸ್‌ಎಂಪಿಎಸ್, ಜೊತೆಗೆ ಮಾನಿಟರು. ಹಲಗೆಯನ್ನು ಗೋಡೆ ಗಡಿಯಾರ ಮಾಡಿ ತೂಗುಹಾಕುವವರನ್ನು ಕಂಡಿದ್ದೇನೆ, ಸುಂದರವಾದದ್ದೇ. ಆದರೆ ಅದರ ಬೆಸುಗೆಯ ಸೀಸ ಗಡಿಯಾರವಾದ ಮಾತ್ರಕ್ಕೆ ಬಂಗಾರವಾಗುವುದಿಲ್ಲ. ಅಂತ್ಯಸಂಸ್ಕಾರ ಮುಂದಕ್ಕೆ ಹೋಯಿತು, ಅಷ್ಟೆ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್ನೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಸಂಸ್ಕರಣಗೊಂಡದ್ದು ನೂರಕ್ಕೆ 22.3 ಪಾಲು ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ಹೇಳುತ್ತದೆ. ನಮ್ಮ ದೇಶದಲ್ಲಿ ಈ ಕಸಕ್ಕೆಂದೇ 2011ರಲ್ಲಿ ನಿಯಮಗಳಾದವು; 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ಸಂಸ್ಕರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನಮ್ಮ ಚೀಲವನ್ನೂ ಮಾನಿಟರನ್ನೂ ಕಾಲೇಜಿನ ಹಳೆಯ ಯಂತ್ರಗಳೊಡನೆ ಸೇರಿಸಿ ಅಂಥ ನೋಂದಾಯಿತರ ಗಾಡಿಗೇ ಒಪ್ಪಿಸಿದೆವು.

ಉಳಿದದ್ದು ಹುಡುಗನ ತಮ್ಮನ ಕೆಮ್ಮು. ಅವನ ತಂದೆಗೆ ನೀತಿ ಹೇಳುವ ಧೈರ್ಯ ನನಗಿರಲಿಲ್ಲ. ಹೊಟ್ಟೆಯ ಪಾಡಿನ ಮುಂದೆ ಉಪನ್ಯಾಸ ನಿಲ್ಲುವುದಿಲ್ಲ. ಹೇಳಿದವನು ಹುಡುಗನೇ. ಸುಟ್ಟು ಕಪ್ಪಾದ ತಾಮ್ರಕ್ಕಿಂತ ಸುಲಿದು ತೆಗೆದ ಕೆಂಪು ತಾಮ್ರಕ್ಕೆ ಸಗಟು ವ್ಯಾಪಾರಿಗಳು ಹೆಚ್ಚು ಬೆಲೆ ಕೊಡುತ್ತಾರೆ. ಹುಡುಗ ಮರದ ತುಂಡಿನಲ್ಲಿ ಗಾಡಿ ಕೊರೆದು, ಅದರ ಮೇಲೆ ಬ್ಲೇಡೊಂದನ್ನು ಬಿಗಿದು, ತಂತಿಯನ್ನು ಎಳೆದರೆ ಸಿಪ್ಪೆ ಸೀಳುವಂಥ ಸಾಧನವನ್ನು ಮಾಡಿದ. ತಂದೆ ಮೊದಲು ನಕ್ಕರಂತೆ. ವಾರದ ಲೆಕ್ಕ ನೋಡಿದ ಮೇಲೆ ಎರಡನೆಯದನ್ನು ಮಾಡಿಕೊಡು ಎಂದರಂತೆ. ದಪ್ಪ ತಂತಿಗಳ ಮಟ್ಟಿಗೆ ಬೆಂಕಿ ನಿಂತಿದೆ. ಕೂದಲೆಳೆಯಂಥ ತಂತಿಗಳನ್ನು ಸುಲಿಯುವುದು ಕೂಲಿಗೂ ಗಿಟ್ಟುವುದಿಲ್ಲ. ಅವನ್ನು ಈಗಲೂ ಕೆಲವೊಮ್ಮೆ ಸುಡುತ್ತಾರೆ. ಸಂಜೆಯ ಹೊತ್ತು ಕೆರೆಯ ಕಡೆ ಹೊಗೆ ಕಂಡಾಗ ಹುಡುಗ ನನ್ನ ಮುಖ ನೋಡುವುದಿಲ್ಲ. ಆದರೆ ತಮ್ಮನನ್ನು ಅಲ್ಲಿಗೆ ಕಳುಹಿಸುವುದನ್ನು ಬಿಡಿಸಿದ್ದಾನೆ.

ತಂದೆಯವರ ಪದಸಂಗ್ರಹವನ್ನು ಪ್ರಕಟಣೆಗಾಗಿ ಈಗ ಅಣಿಗೊಳಿಸುತ್ತಿದ್ದೇನೆ. ಬಡಗಿ, ಕಮ್ಮಾರ, ಕುಂಬಾರ, ನೇಕಾರರ ಅಧ್ಯಾಯಗಳು ಮುಗಿದಿವೆ. ಕಳೆದ ವಾರ ಹುಡುಗ ಇನ್ನೂರು ಪುಟದ ನೋಟುಪುಸ್ತಕವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಗುಜರಿಯವರು ತಮ್ಮೊಳಗೆ ಆಡುವ ಮಾತುಗಳು: ಸುಲಿದ ತಾಮ್ರಕ್ಕೆ ಒಂದು ಹೆಸರು, ಸುಟ್ಟದ್ದಕ್ಕೆ ಒಂದು, ಹಲಗೆಯ ಜಾತಿಗೊಂದು, ತೂಕದ ಮೋಸಕ್ಕೊಂದು. “ನಿಮ್ಮ ತಂದೆಯವರು ನಮ್ಮ ಅಂಗಡಿಗೆ ಬಂದಿರಲಿಲ್ಲ ಅನಿಸುತ್ತೆ ಸರ್” ಎಂದ. ಬಂದಿರಲಿಲ್ಲ. ಐದನೆಯ ಅಧ್ಯಾಯ ಅವನದು. ಪುಸ್ತಕದಲ್ಲಿ ಅವನ ಹೆಸರನ್ನು ತಂದೆಯವರ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕಿಸಬೇಕೆಂದು ತಾಯಿಯವರ ಅಪ್ಪಣೆಯಾಗಿದೆ.